ನಾಲ್ಕು ಕಾಲಿನವರ ಗೃಹಪ್ರವೇಶ

ಗೃಹಪ್ರವೇಶದಲ್ಲಿ ಪುರೋಹಿತರು ಹೇಳುವ ಮಂತ್ರಗಳ ನಡುವೆ ವಾಸ್ತೋಷ್ಪತಿಯನ್ನು ಕುರಿತ ಋಕ್ಕುಗಳಿಗೆ ಮುಖ್ಯ ಸ್ಥಾನವಿದೆ. ಅವು ಋಗ್ವೇದದ ಏಳನೆಯ ಮಂಡಲದ 54ನೆಯ ಸೂಕ್ತಕ್ಕೆ ಸೇರಿದವು. ಮೂರೇ ಋಕ್ಕುಗಳ ಪುಟ್ಟ ಸೂಕ್ತ. ಮನೆಯ ಒಡೆಯನಾದ ದೇವತೆ ಬಂದವರ ಗುರುತು ಹಿಡಿಯಬೇಕು, ರೋಗರುಜಿನ ತಾರದೆ ಒಳಗೆ ಬರಮಾಡಿಕೊಳ್ಳಬೇಕು, ಎರಡು ಕಾಲಿನವರಿಗೂ ನಾಲ್ಕು ಕಾಲಿನವರಿಗೂ ಸುಖ ಕೊಡಬೇಕು ಎಂಬುದು ಅಲ್ಲಿನ ಕೋರಿಕೆ. ಅದರ ಬೆನ್ನಿಗೇ ಬರುವ 55ನೆಯ ಸೂಕ್ತ ವಾಸ್ತೋಷ್ಪತಿಯಿಂದ ಶುರುವಾಗಿ ಮನೆಯ ಕಾವಲು ನಾಯಿಯ ಕಡೆಗೆ ತಿರುಗುತ್ತದೆ, ದೇವತೆಗಳ ಹೆಣ್ಣುನಾಯಿಯಾದ ಸರಮೆಯ ಮಗನೆಂದು ಅದನ್ನು ಕರೆದು ನಿದ್ದೆ ಹೋಗೆಂದು ಕೇಳಿಕೊಳ್ಳುತ್ತದೆ. ಅಥರ್ವವೇದದ ಮೂರನೆಯ ಕಾಂಡದಲ್ಲಿ ಹೊಸ ಮನೆಯನ್ನು ಹರಸುವ ಇನ್ನೊಂದು ಸೂಕ್ತವಿದೆ. ಈ ಮನೆಗೆ ಕರುವೂ ಬರಲಿ, ಮಗುವೂ ಬರಲಿ, ಸಂಜೆಗೆ ಹಸುಗಳೂ ಬರಲಿ ಎಂದು ಅದು ಹಾರೈಸುತ್ತದೆ. ಮನುಷ್ಯರು ಮಾತ್ರ ಹೊಕ್ಕರೆ ಗೃಹಪ್ರವೇಶ ಮುಗಿಯಿತು ಎಂಬ ಎಣಿಕೆ ಈ ಮಂತ್ರಗಳಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಈಗ ನಗರಗಳಲ್ಲಿ ನಡೆಯುವ ಗೃಹಪ್ರವೇಶದಲ್ಲಿ ನಾಲ್ಕು ಕಾಲಿನವರ ಪರವಾಗಿ ಬರುವುದು ಬಾಡಿಗೆಗೆ ತಂದ ಹಸು, ಕರು. ಅರಿಶಿನ ಕುಂಕುಮ ಹಚ್ಚಿ, ಕೊರಳಿಗೆ ಹೂವಿನ ಹಾರ ಹಾಕಿ, ಹಸುವನ್ನು ಹೊಸ್ತಿಲು ದಾಟಿಸುತ್ತಾರೆ. ನುಣುಪಾದ ಗ್ರಾನೈಟ್ ನೆಲದ ಮೇಲೆ ಗೊರಸು ನಿಲ್ಲುವುದಿಲ್ಲ. ಕಾಲು ಜಾರಿದ ಹಸು ಮೈ ಬಿಗಿಹಿಡಿದು ನಿಂತುಬಿಡುತ್ತದೆ, ಹಿಂದಿನಿಂದ ತಳ್ಳಿದಷ್ಟೂ ಹೆದರುತ್ತದೆ. ಮಹಡಿ ಹತ್ತಿಸಿದ ಹಸುವನ್ನು ಇಳಿಸುವುದಂತೂ ಹತ್ತಿಸುವುದಕ್ಕಿಂತ ಕಷ್ಟ. ಅದೇ ಹೊತ್ತಿಗೆ ಆ ಕುಟುಂಬದ ಜೊತೆಯಲ್ಲೇ ಬೆಳೆದ ನಾಯಿ ಹಳೆಯ ಮನೆಯಲ್ಲಿ ಒಂಟಿಯಾಗಿ ಕಟ್ಟಿಹಾಕಿಸಿಕೊಂಡಿರುತ್ತದೆ, ಮಡಿಗೆ ಅಡ್ಡಿಯೆಂದು. ಹಾಗಾದರೆ ಮನೆ ಬದಲಾಯಿಸುವ ಗೃಹಸ್ಥ ತನ್ನನ್ನೇ ನಂಬಿದ ಪ್ರಾಣಿಗೆ ಏನನ್ನು ಸಲ್ಲಿಸಬೇಕು? ಹೋಗಬೇಕೆಂದು ಅದು ಕೇಳಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಅದನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸಬೇಕೋ ಒಕ್ಕಲಿನ ಲೆಕ್ಕಕ್ಕೋ ಎಂಬುದು ಧರ್ಮದ ಪ್ರಶ್ನೆ. ಪಂಜರ, ಲಸಿಕೆ, ಲಾರಿಗಳ ಮಾತೆಲ್ಲ ಅದಕ್ಕೆ ಸಿಗುವ ಉತ್ತರವನ್ನು ಹಿಂಬಾಲಿಸಿ ಬರುವಂಥದು.

ಈ ಪ್ರಶ್ನೆಯನ್ನು ಮಹಾಭಾರತದಷ್ಟು ನೇರವಾಗಿ ಎತ್ತಿಕೊಂಡ ಗ್ರಂಥ ಭಾರತದಲ್ಲಿ ಬೇರೆ ಸಿಗುವುದು ಕಷ್ಟ. ಅದರ ಕಥೆ ನಾಯಿಯೊಂದಿಗೆ ಆರಂಭವಾಗಿ ನಾಯಿಯೊಂದಿಗೇ ಕೊನೆಯ ಹಂತ ಮುಟ್ಟುತ್ತದೆ. ಆದಿಪರ್ವದ ಪೌಷ್ಯ ಉಪಾಖ್ಯಾನದಲ್ಲಿ ಜನಮೇಜಯ ಕುರುಕ್ಷೇತ್ರದಲ್ಲಿ ಸತ್ರಯಾಗಕ್ಕೆ ಕುಳಿತಿದ್ದಾಗ ಸರಮೆಯ ಮರಿಯೊಂದು ಅಲ್ಲಿಗೆ ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಹವಿಸ್ಸನ್ನು ತಾನು ನೋಡಿಯೂ ಇಲ್ಲ, ನೆಕ್ಕಿಯೂ ಇಲ್ಲ ಎಂದು ಮರಿ ತಾಯಿಗೆ ಹೇಳಿಕೊಂಡು ಅಳುತ್ತದೆ. ಸರಮೆ ಯಾಗಶಾಲೆಗೇ ಬಂದು ತಪ್ಪು ಮಾಡದ ಮಗನನ್ನು ಏಕೆ ಹೊಡೆದಿರೆಂದು ಕೇಳುತ್ತಾಳೆ. ಯಾರೂ ಬಾಯಿ ಬಿಡುವುದಿಲ್ಲ. ಕಣ್ಣಿಗೆ ಕಾಣದ ಭಯ ನಿನ್ನನ್ನು ಮುತ್ತಲಿ ಎಂದು ಅವಳು ಶಪಿಸಿ ಹೋಗುತ್ತಾಳೆ. ಆ ಶಾಪಕ್ಕೆ ಶಾಂತಿ ಮಾಡಿಸಬಲ್ಲ ಪುರೋಹಿತನನ್ನು ಹುಡುಕಿಕೊಂಡು ರಾಜ ಅಲೆಯಬೇಕಾಗುತ್ತದೆ.

ಇನ್ನೊಂದು ತುದಿಯಲ್ಲಿ ಮಹಾಪ್ರಸ್ಥಾನಿಕ ಪರ್ವವಿದೆ. ಪಾಂಡವರು ಹಸ್ತಿನಾವತಿಯನ್ನು ಬಿಟ್ಟು ಹೊರಟಾಗ ನಾಯಿಯೊಂದು ಅವರ ಹಿಂದೆ ಬರುತ್ತದೆ. ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದುಹೋಗುತ್ತಾರೆ. ಯುಧಿಷ್ಠಿರನೂ ನಾಯಿಯೂ ಉಳಿಯುತ್ತಾರೆ. ಇಂದ್ರ ರಥ ತಂದು ಏರು ಎನ್ನುತ್ತಾನೆ, ನಾಯಿಗೆ ಮಾತ್ರ ಜಾಗವಿಲ್ಲ ಎನ್ನುತ್ತಾನೆ. ಇದು ಲೋಕದಲ್ಲೇ ದೊಡ್ಡ ಮನೆ ಬದಲಾವಣೆ ಎನ್ನಬಹುದು. ಹೋಗುವ ಮನೆ ಸ್ವರ್ಗ. ಇಂದ್ರನ ವಾದದಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಶುದ್ಧಿಯದು: ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ನಾಯಿಯ ಕಣ್ಣು ಬಿದ್ದ ದಾನ ಹೋಮಗಳ ಫಲವನ್ನು ಕ್ರೋಧವಶರೆಂಬ ರಾಕ್ಷಸರು ಕೊಂಡೊಯ್ಯುತ್ತಾರೆ. ಆದಿಪರ್ವದ ಮರಿ ಹವಿಸ್ಸನ್ನು ನೋಡಲೇ ಇಲ್ಲ ಎಂದು ಹೇಳಿಕೊಳ್ಳಬೇಕಾಗಿ ಬಂದದ್ದು ಇದೇ ನಂಬಿಕೆಯಿಂದ. ಎರಡನೆಯ ಎಳೆ ಇನ್ನೂ ಚುಚ್ಚುವಂಥದು: ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟು ಬಂದವನಿಗೆ ನಾಯಿಯನ್ನು ಬಿಡುವುದೇನು ಕಷ್ಟ?

ಯುಧಿಷ್ಠಿರ ಎರಡಕ್ಕೂ ಉತ್ತರಿಸುತ್ತಾನೆ. ಸತ್ತವರ ಜೊತೆ ಸಂಧಿಯೂ ಇಲ್ಲ, ವಿಗ್ರಹವೂ ಇಲ್ಲ; ಅವರನ್ನು ಬದುಕಿಸಲು ತನ್ನಿಂದ ಆಗದು; ಬದುಕಿದ್ದಾಗ ಅವರನ್ನು ತಾನು ಬಿಟ್ಟವನಲ್ಲ. ಈ ನಾಯಿ ಬದುಕಿದೆ, ತನ್ನನ್ನು ನಂಬಿದೆ. ಶರಣು ಬಂದವನನ್ನು ಒಪ್ಪಿಸಿಬಿಡುವುದು, ಹೆಣ್ಣನ್ನು ಕೊಲ್ಲುವುದು, ಬ್ರಾಹ್ಮಣನ ಸೊತ್ತು ಕದಿಯುವುದು, ಮಿತ್ರದ್ರೋಹ ಈ ನಾಲ್ಕನ್ನೂ ಒಂದು ತಟ್ಟೆಯಲ್ಲಿಟ್ಟರೆ ನಂಬಿದ ಪ್ರಾಣಿಯನ್ನು ಕೈಬಿಡುವುದು ಅವುಗಳಿಗೆ ಸಮವಾಗುತ್ತದೆ ಎಂಬುದು ಅವನ ನಿಲುವು. ಆ ನಾಯಿ ಅವನಿಗೆ ಯಾವ ಉಪಕಾರವನ್ನೂ ಮಾಡಿರಲಿಲ್ಲ. ಬೇಟೆಯಾಡಿ ಕೊಟ್ಟಿಲ್ಲ, ಕಾವಲು ಕಾದಿಲ್ಲ. ಅದರ ಹೆಸರನ್ನು ಕೂಡ ಕಥೆ ಹೇಳುವುದಿಲ್ಲ. ಹಿಂಬಾಲಿಸಿ ಬಂತು, ಅಷ್ಟೆ. ಋಣ ಹುಟ್ಟುವುದು ನಂಬಿಕೆಯಿಂದಲೇ ಎಂದ ಮೇಲೆ, ಶುದ್ಧಿಯ ನಿಯಮ ಸ್ವರ್ಗದ್ದೇ ಆದರೂ ಆ ಋಣದ ಮುಂದೆ ನಿಲ್ಲಲಾರದು. ಗೃಹಪ್ರವೇಶದ ದಿನ ನಾಯಿಯನ್ನು ದೂರ ಇಡಲು ಮಡಿಯ ಕಾರಣ ಕೊಡುವವರು ಇಂದ್ರನ ಮಾತನ್ನು ಆಡುತ್ತಾರೆ. ಆ ಮಾತಿಗೆ ಉತ್ತರ ಸಂಪ್ರದಾಯದೊಳಗೇ ಇದೆ. ನಾಯಿಯ ರೂಪ ಕಳಚಿ ಎದುರು ನಿಂತವನು ಧರ್ಮನೇ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುವುದರಿಂದ ಈ ಪ್ರಸಂಗ ಅಲ್ಲಿಲ್ಲ. ಉಳಿದ ಪರ್ವಗಳನ್ನು ಕನ್ನಡಕ್ಕೆ ತಂದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣ ಕವಿ.

ಇದೇ ಬಗೆಯ ಪ್ರಶ್ನೆಯನ್ನು ಇಮ್ಯಾನುಯೆಲ್ ಕಾಂಟ್ ತನ್ನ ನೀತಿಶಾಸ್ತ್ರದ ಉಪನ್ಯಾಸಗಳಲ್ಲಿ ಎತ್ತಿಕೊಂಡಿದ್ದಾನೆ. ಬಹುಕಾಲ ಸೇವೆ ಮಾಡಿ ಮುದಿಯಾದ ನಾಯಿಯನ್ನು ಒಡೆಯ ಸಾಯುವ ತನಕ ಸಾಕಬೇಕೆಂದು ಅವನೂ ಹೇಳುತ್ತಾನೆ. ಆದರೆ ಅವನ ಪ್ರಕಾರ ಅದನ್ನು ಗುಂಡಿಟ್ಟು ಕೊಂದವನು ನಾಯಿಗೆ ಸಲ್ಲಬೇಕಾದುದನ್ನು ತಪ್ಪಿಸಿದಂತಾಗುವುದಿಲ್ಲ. ತನ್ನೊಳಗಿನ ಮನುಷ್ಯತ್ವಕ್ಕೆ ಊನ ತಂದುಕೊಂಡಂತಾಗುತ್ತದೆ. ಯುಧಿಷ್ಠಿರನ ವಾದ ಇದಕ್ಕಿಂತ ಮುಂದೆ ಹೋಗಿದೆ. ಅಲ್ಲಿ ಕರ್ತವ್ಯ ಇರುವುದು ನಾಯಿಗೇ. 1789ರಲ್ಲಿ ಜೆರೆಮಿ ಬೆಂಥಮ್ ಪ್ರಾಣಿಗಳ ವಿಷಯದಲ್ಲಿ ಕೇಳಬೇಕಾದುದು ಅವು ನೋಯಬಲ್ಲವೇ ಎಂಬುದನ್ನು ಎಂದ. 1983ರಲ್ಲಿ ಟಾಮ್ ರೇಗನ್ ನಾಯಿ ಬೆಕ್ಕುಗಳಂಥ ಪ್ರಾಣಿಗಳಿಗೂ ತಮ್ಮದೇ ಆದ ಬಾಳು ಇದೆ, ಅವುಗಳಿಗೆ ಸ್ವಂತ ಬೆಲೆಯಿದೆ ಎಂದು ವಾದಿಸಿದ. ಸಾಕುಪ್ರಾಣಿಯ ಮಟ್ಟಿಗೆ ಈ ಎರಡೂ ಮಾತು ಸಾಲವು. ನೋವು ಯಾವ ಪ್ರಾಣಿಗಾದರೂ ನೋವೇ. ಇದನ್ನು ಇಂಥ ಮನೆಯವರೇ ನೋಡಿಕೊಳ್ಳಬೇಕು ಎಂಬ ಹೊಣೆ ಮಾತ್ರ ಆಶ್ರಯ ಕೊಟ್ಟದ್ದರಿಂದ ಬರುತ್ತದೆ.

ಜೈನ ಗ್ರಂಥಗಳು ಈ ಹೊಣೆಯನ್ನು ದಿನದ ನಡೆವಳಿಕೆಗೆ ಇಳಿಸಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕೊಯ್ಯುವುದು, ಹೊರಲಾರದ ಭಾರ ಹೇರುವುದು, ಅನ್ನ ನೀರು ತಪ್ಪಿಸುವುದು. ಮನೆ ಸಾಗಿಸುವ ಗಡಿಬಿಡಿಯಲ್ಲಿ ನಡೆದುಹೋಗುವುದು ಇವುಗಳಲ್ಲಿ ಮೊದಲನೆಯದು ಮತ್ತು ಕೊನೆಯದು. ಕೂಲಿಯವರ ಕಾಲಿಗೆ ಸಿಕ್ಕೀತೆಂದು ಬೆಳಿಗ್ಗೆ ಕಟ್ಟಿದ ನಾಯಿಯನ್ನು ರಾತ್ರಿಯ ತನಕ ಯಾರೂ ಬಿಚ್ಚುವುದಿಲ್ಲ. ಅದರ ನೀರಿನ ಬಟ್ಟಲು ಅಡುಗೆಮನೆಯ ಡಬ್ಬಗಳ ಜೊತೆ ಮೊದಲೇ ಲಾರಿ ಏರಿರುತ್ತದೆ. ಯಾರಿಗೂ ಕೇಡು ಬಯಸದ ಮನೆಯಲ್ಲೂ ಹೀಗಾಗುತ್ತದೆ. ಅದಕ್ಕೇ ಶಾಸ್ತ್ರ ಇವನ್ನು ಅತಿಚಾರಗಳೆಂದಿದೆ: ವ್ರತ ಮುರಿಯುವ ಉದ್ದೇಶವಿಲ್ಲದೆ ಅದಕ್ಕೆ ತಗಲುವ ಕಲೆಗಳು ಇವು. ಕಟ್ಟುವುದೇ ತಪ್ಪೆಂದು ಗೃಹಸ್ಥರ ನಡತೆಯನ್ನು ಕುರಿತ ಶ್ರಾವಕಾಚಾರ ಗ್ರಂಥಗಳು ಹೇಳುವುದಿಲ್ಲ. ಶ್ವೇತಾಂಬರ ವ್ಯಾಖ್ಯಾನಕಾರರು ಕಟ್ಟಲೇಬೇಕಾದಾಗ ಸಡಿಲ ಗಂಟು ಹಾಕಬೇಕು, ಬೆಂಕಿ ಬಿದ್ದರೆ ಒಡನೆ ಬಿಚ್ಚಲು ಬರಬೇಕು ಎಂದು ವಿಧಿಸಿದ್ದಾರೆ. ಪ್ರಯಾಣದ ಪಂಜರಕ್ಕೂ ಇದೇ ಅಳತೆ ಸಾಕು. ಪ್ರಾಣಿ ಒಳಗೆ ಎದ್ದು ನಿಲ್ಲಬೇಕು, ಹೊರಳಬೇಕು, ಗಾಳಿ ಆಡಬೇಕು. ಚಿಲಕ ಹೊರಗಿನವರ ಕೈಗೆ ತಕ್ಷಣ ತೆರೆಯಬೇಕು.

ಜನ್ನನ ಯಶೋಧರ ಚರಿತೆ (1209) ಇದಕ್ಕೆ ಇನ್ನೊಂದು ಮಗ್ಗುಲನ್ನು ಸೇರಿಸುತ್ತದೆ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಯಶೋಧರ ಮತ್ತು ಅವನ ತಾಯಿ ಚಂದ್ರಮತಿ ಮುಂದಿನ ಜನ್ಮದಲ್ಲಿ ನವಿಲಾಗಿ, ನಾಯಿಯಾಗಿ ಹುಟ್ಟಿ ತಮ್ಮದೇ ಅರಮನೆಗೆ ಬಂದು ಸೇರುತ್ತಾರೆ. ಮಗನಿಗೆ ಅವರ ಗುರುತು ಸಿಗುವುದಿಲ್ಲ. ಪುನರ್ಜನ್ಮದಲ್ಲಿ ನಂಬಿಕೆಯಿದ್ದವರಿಗೆ ಮನೆಯ ಪ್ರಾಣಿ ಸಂಬಂಧಿಕನೇ ಆಗಿರಬಹುದು. ನಂಬಿಕೆ ಇಲ್ಲದವರಿಗೂ ಆ ಕಥೆ, ಮೂಕಪ್ರಾಣಿಯೊಳಗೆ ಮನೆಯ ನೆನಪು ಇದ್ದೀತು ಎಂಬ ಅಳುಕನ್ನು ಉಳಿಸಿಹೋಗುತ್ತದೆ.

ಇಸ್ಲಾಂ ಪರಂಪರೆಯ ಎರಡು ಹದೀಸ್‌ಗಳು ಇಲ್ಲಿ ಪ್ರಸ್ತುತ. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತಂದುಕೊಟ್ಟವನಿಗೆ ಕ್ಷಮೆ ದೊರೆಯಿತೆಂದು ಒಂದು ಹೇಳುತ್ತದೆ. ಇನ್ನೊಂದರಲ್ಲಿ ಬೆಕ್ಕನ್ನು ಕೂಡಿಹಾಕಿ ಸಾಯಿಸಿದ ಹೆಂಗಸಿಗೆ ನರಕವಾಗುತ್ತದೆ. ಆಕೆ ತಾನೂ ಉಣ್ಣಿಸಲಿಲ್ಲ, ನೆಲದ ಹುಳಹುಪ್ಪಟೆ ಹಿಡಿದು ತಿನ್ನಲು ಹೊರಗೂ ಬಿಡಲಿಲ್ಲ. ಈ ಎರಡನೆಯದರ ತರ್ಕ ಬಹಳ ನಿಖರವಾದುದು. ಪ್ರಾಣಿಗೆ ತನ್ನ ಊಟ ತಾನೇ ಹುಡುಕಿಕೊಳ್ಳುವ ದಾರಿಯನ್ನು ಮುಚ್ಚಿದವರು ಆ ಊಟವನ್ನು ಕೊಡುವ ಹೊಣೆಯನ್ನೂ ಹೊತ್ತಂತೆ. ತಲೆಮಾರುಗಟ್ಟಲೆ ಸಾಕಿ, ಬೇಟೆಯ ಗುಣವನ್ನೇ ಕಳೆದ ಜಾತಿನಾಯಿಯನ್ನು ರಸ್ತೆಗೆ ಬಿಟ್ಟು, ಹೇಗೋ ಬದುಕಿಕೊಳ್ಳುತ್ತದೆ ಎಂದುಕೊಳ್ಳುವವರಿಗೆ ಈ ತರ್ಕ ತಪ್ಪಿಸಿಕೊಳ್ಳಲು ಎಡೆ ಕೊಡುವುದಿಲ್ಲ. ಪಂಜರದ ಗಿಳಿಯದೂ ಅದೇ ಕಥೆ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮನೆ ಬಿಡುವಾಗ ಪಂಜರದ ಬಾಗಿಲು ತೆರೆದುಬಿಟ್ಟರೆ ಹಾರಲು ಮರೆತ ಹಕ್ಕಿ ಕಾಗೆ ಹದ್ದುಗಳ ಪಾಲಾಗುತ್ತದೆ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದು ಸರಿಯಾದ ದಾರಿ.

ಹೊಣೆ ಯಾರದೆಂದು ತಿಳಿದ ಮೇಲೆ ಪ್ರಾಣಿಗೆ ಏನು ಬೇಕೆಂದು ತಿಳಿಯಬೇಕಾಗುತ್ತದೆ. ಕರುಣೆಯಿದ್ದು ತಿಳಿವಳಿಕೆ ಇಲ್ಲದಿದ್ದರೆ ಅದೂ ಪ್ರಾಣಿಗೆ ಹಿಂಸೆಯೇ. ನಾಯಿಗೆ ತನ್ನವರು ಇರುವ ಕಡೆ ಮನೆ. ಬೆಕ್ಕಿಗೆ ಮನೆಯೆಂದರೆ ಬಹುಮಟ್ಟಿಗೆ ಆ ಜಾಗವೇ. ಬೆಕ್ಕು ಬಾಗಿಲ ಚೌಕಟ್ಟಿಗೂ ಮಂಚದ ಕಾಲಿಗೂ ಕೆನ್ನೆ ಉಜ್ಜುವುದು ಮುದ್ದಿಗಲ್ಲ. ಅದರ ಕೆನ್ನೆ, ಗಲ್ಲಗಳಲ್ಲಿರುವ ಗ್ರಂಥಿಗಳಿಂದ ಒಸರುವ ವಾಸನೆ ಅಲ್ಲಿ ಅಂಟಿಕೊಂಡು, ಇದು ಪರಿಚಿತ ಜಾಗ, ಇಲ್ಲಿ ಹೆದರಬೇಕಿಲ್ಲ ಎಂಬುದನ್ನು ಅದಕ್ಕೆ ಮತ್ತೆ ಮತ್ತೆ ತಿಳಿಸುತ್ತಿರುತ್ತದೆ. ಸುಣ್ಣಬಣ್ಣ ಬಳಿದ ಹೊಸ ಮನೆಯಲ್ಲಿ ಆ ಗುರುತು ಒಂದೂ ಇರುವುದಿಲ್ಲ. ಆದ್ದರಿಂದ ಬೆಕ್ಕಿನ ಹಾಸಿಗೆ, ಹಳೆಯ ಟವೆಲ್ಲು, ಉಗುರು ಕೆರೆಯುವ ಹಲಗೆ ಇವನ್ನು ಒಗೆಯದೆ, ತೊಳೆಯದೆ ಹಾಗೆಯೇ ಒಯ್ಯಬೇಕು. ಹೊಸ ಮನೆಯೆಂದು ಎಲ್ಲವನ್ನೂ ಹೊಸದಾಗಿ ಕೊಳ್ಳುವ ಹುಮ್ಮಸ್ಸು ಇಲ್ಲಿ ಕೆಡುಕನ್ನೇ ಮಾಡುತ್ತದೆ.

ಪಂಜರವನ್ನು ಹೊರಡುವ ದಿನ ತಂದು ಬೆಕ್ಕನ್ನು ಅದರೊಳಗೆ ತುರುಕುವುದಕ್ಕಿಂತ ಕೆಲವು ವಾರ ಮೊದಲೇ ಬಾಗಿಲು ತೆರೆದು ಮೂಲೆಯಲ್ಲಿ ಇಟ್ಟಿರಬೇಕು. ಒಳಗೆ ಹಳೆಯ ಬಟ್ಟೆ ಹಾಸಿ, ಆಗೀಗ ಅಲ್ಲಿಯೇ ಊಟ ಹಾಕಿದರೆ ಬೆಕ್ಕು ತಾನಾಗಿ ಹೋಗಿ ಮಲಗುತ್ತದೆ. ಪ್ರಾಣಿಯ ಒಪ್ಪಿಗೆ ಎಂಬುದು ಎಷ್ಟು ಸಾಧ್ಯವೋ ಅಷ್ಟನ್ನು ಪಡೆಯುವ ಕ್ರಮ ಇದು. ಗೋಣಿಚೀಲದಲ್ಲಿ ಕಟ್ಟಿ ಒಯ್ಯುವ ಹಳೆಯ ರೂಢಿಯಲ್ಲಿ ಅದಕ್ಕೆ ಸಿಗುವುದು ಕತ್ತಲೆ, ಉಸಿರುಗಟ್ಟು, ಭಯ ಮಾತ್ರ. ಸಾಮಾನು ಹೊರುವ ದಿನ ಒಂದು ಕೋಣೆಯನ್ನು ಖಾಲಿ ಮಾಡಿ, ಬಾಗಿಲು ಹಾಕಿ, ಬೆಕ್ಕನ್ನೋ ನಾಯಿಯನ್ನೋ ನೀರಿನ ಬಟ್ಟಲಿನ ಜೊತೆ ಅಲ್ಲಿಡುವುದು, ಎಲ್ಲರೂ ಹೊರಟ ಮೇಲೆ ಅದನ್ನು ಕೊನೆಗೆ ಒಯ್ಯುವುದು ಒಳ್ಳೆಯದು. ಹೊಸ ಮನೆಯಲ್ಲೂ ಬೆಕ್ಕಿಗೆ ಮೊದಲು ಒಂದೇ ಕೋಣೆ. ಅಲ್ಲಿ ಅದು ಮೈ ಬಿಟ್ಟು ಮಲಗತೊಡಗಿದ ಮೇಲೆ ಉಳಿದ ಕೋಣೆಗಳು. ಹೊರಗೆ ಬಿಡುವುದು ಎರಡು ಮೂರು ವಾರಗಳಾದ ಮೇಲೆ. ನಾಯಿಗೆ ಜಾಗಕ್ಕಿಂತ ಹೊತ್ತು ಮುಖ್ಯ. ಊಟ, ತಿರುಗಾಟದ ಹೊತ್ತು ಹಳೆಯ ಮನೆಯಲ್ಲಿದ್ದಂತೆಯೇ ನಡೆದರೆ ಅದು ಬೇಗ ಒಗ್ಗಿಕೊಳ್ಳುತ್ತದೆ. ಮೀನಿನ ತೊಟ್ಟಿ ಇದ್ದವರಿಗೆ ಕಣ್ಣಿಗೆ ಕಾಣದ ಜೀವಿಗಳ ಕಾಳಜಿಯೂ ಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಾಯಿಸುವ ಬ್ಯಾಕ್ಟೀರಿಯಾ ಶೋಧಕದ ಸ್ಪಂಜಿನಲ್ಲಿ ನೆಲೆಸಿರುತ್ತವೆ. ಸ್ಪಂಜು ಒಣಗಿದರೆ, ಕ್ಲೋರಿನ್ ಬೆರೆತ ನಲ್ಲಿ ನೀರಲ್ಲಿ ತೊಳೆದರೆ ಅವು ಸಾಯುತ್ತವೆ. ಕೆಲವೇ ದಿನಗಳಲ್ಲಿ ಮೀನುಗಳೂ ಸಾಯತೊಡಗುತ್ತವೆ. ತೊಟ್ಟಿಯ ನೀರಿನಲ್ಲೇ ಸ್ಪಂಜನ್ನು ಅದ್ದಿ ಒಯ್ಯಬೇಕು.

ವಿದೇಶಕ್ಕೆ ಹೋಗುವವರಿಗೆ ತಿಂಗಳುಗಳ ಮುಂದಾಲೋಚನೆ ಬೇಕು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಭಾರತದಿಂದ ನಾಯಿ ಬೆಕ್ಕು ಒಯ್ಯಬೇಕಾದರೆ ಮೈಕ್ರೋಚಿಪ್, ಅದಾದ ಮೇಲೆ ರೇಬೀಸ್ ಲಸಿಕೆ, ಲಸಿಕೆಯಾಗಿ ಕನಿಷ್ಠ 30 ದಿನಗಳ ನಂತರ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳ ಕಾಯುವಿಕೆ ಕಡ್ಡಾಯ. ಆಸ್ಟ್ರೇಲಿಯಾ ಭಾರತದಿಂದ ನೇರವಾಗಿ ಅವನ್ನು ಬಿಟ್ಟುಕೊಳ್ಳುವುದೇ ಇಲ್ಲ. ಕೆಲಸದ ಆದೇಶ ಬಂದ ಮೇಲೆ ಒಂದು ತಿಂಗಳಲ್ಲಿ ಹೊರಡಬೇಕಾದ ಕುಟುಂಬ ಇಲ್ಲಿಯೇ ಎಡವುತ್ತದೆ. ಪ್ರಾಣಿಯನ್ನು ನಂಬಿಗಸ್ತರ ಬಳಿ ಇರಿಸಿ ಆಮೇಲೆ ಕರೆಸಿಕೊಳ್ಳುವ ಏರ್ಪಾಡನ್ನು ಮೊದಲೇ ಯೋಚಿಸದಿದ್ದರೆ ಕೊನೆಗೆ ಉಳಿಯುವುದು ಕೈಬಿಡುವ ದಾರಿ ಒಂದೇ.

ಹೀಗೆ ಕೈಬಿಡುವುದು ಕಾನೂನಿನ ಕಣ್ಣಿಗೂ ತಪ್ಪು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮು, ಹಸಿವು ಬಾಯಾರಿಕೆಗಳಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದನ್ನು ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಅದು ವಿಧಿಸುವ ದಂಡ 10ರಿಂದ 50 ರೂಪಾಯಿ. 1976ರಲ್ಲಿ 42ನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ 51ಎ ವಿಧಿ ಜೀವಿಗಳ ಮೇಲಿನ ದಯೆಯನ್ನು ಪ್ರಜೆಯ ಮೂಲಭೂತ ಕರ್ತವ್ಯಗಳ ಸಾಲಿಗೆ ಸೇರಿಸಿತು. 2014ರ ನಾಗರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಸಿವು, ಭಯ, ನೋವುಗಳಿಂದ ಬಿಡುಗಡೆ ಮೊದಲಾದ ಐದು ಸ್ವಾತಂತ್ರ್ಯಗಳನ್ನು ಪ್ರಾಣಿಗಳಿಗೆ ಎತ್ತಿಹಿಡಿಯಿತು. ಇಷ್ಟೆಲ್ಲ ಆದ ಮೇಲೂ ನಂಬಿದ ಪ್ರಾಣಿಯನ್ನು ಬಿಟ್ಟುಹೋಗುವುದಕ್ಕೆ ಒಂದು ಊಟದ ಬೆಲೆಯೂ ಅಲ್ಲದ ದಂಡ ಉಳಿದುಕೊಂಡಿರುವುದು ನಾಚಿಕೆಯ ವಿಷಯ. ಬಾಡಿಗೆ ಮನೆಯಲ್ಲಿ ಪ್ರಾಣಿಗೆ ಜಾಗವಿದೆಯೇ ಎಂಬುದನ್ನು ಮುಂಗಡ ಹಣ ಕೊಡುವ ಮೊದಲೇ ಕೇಳಿ, ಕರಾರುಪತ್ರದಲ್ಲಿ ಬರೆಸಿಕೊಳ್ಳುವುದು ಸಣ್ಣ ಕೆಲಸ. ಆಮೇಲೆ ಮನೆಯೊಡೆಯ ಒಪ್ಪಲಿಲ್ಲ ಎಂದು ನಾಯಿಯನ್ನು ಬಿಡಬೇಕಾದ ಪ್ರಸಂಗ ಅದರಿಂದ ತಪ್ಪುತ್ತದೆ.

ಎಲ್ಲ ಪ್ರಾಣಿಯನ್ನೂ ಒಯ್ಯಲೇಬೇಕೇ? ಇಲ್ಲಿ ಯುಧಿಷ್ಠಿರನ ಮಾತನ್ನು ಅಕ್ಷರಶಃ ಹಿಡಿದರೆ ಎಡವಟ್ಟಾಗುತ್ತದೆ. ಹಿತ್ತಿಲು, ಮಾಡು, ಅಕ್ಕಪಕ್ಕದ ಗೋಡೆಗಳನ್ನೇ ಜಗತ್ತಾಗಿಸಿಕೊಂಡ ಮುದಿ ಬೆಕ್ಕನ್ನು ಹತ್ತನೆಯ ಮಹಡಿಯ ಫ್ಲಾಟಿನಲ್ಲಿ ಕೂಡಿಹಾಕುವುದಕ್ಕಿಂತ, ಅದನ್ನು ಬಲ್ಲ ಪಕ್ಕದ ಮನೆಯವರ ಕೈಗೆ ಒಪ್ಪಿಸುವುದು ಧರ್ಮಕ್ಕೆ ಹತ್ತಿರವಾದೀತು. ಒಪ್ಪಿಸುವುದೂ ತೊರೆಯುವುದೂ ಬೇರೆ ಬೇರೆ. ಇಂಥವರು ಹೊಣೆ ಹೊತ್ತಿದ್ದಾರೆ ಎಂಬ ಖಚಿತತೆ ಒಪ್ಪಿಸುವಲ್ಲಿ ಇರುತ್ತದೆ, ತೊರೆಯುವಲ್ಲಿ ಇರುವುದಿಲ್ಲ. ಈ ಏರ್ಪಾಡಿನಿಂದ ನೆಮ್ಮದಿ ಪ್ರಾಣಿಗೋ, ಸಾಗಿಸುವ ಖರ್ಚು ಉಳಿದ ಮನೆಯವರಿಗೋ ಎಂದು ಕೇಳಿಕೊಂಡರೆ ಎರಡರಲ್ಲಿ ಯಾವುದು ನಡೆಯುತ್ತಿದೆ ಎಂಬುದು ತಿಳಿಯುತ್ತದೆ.

ಗೇಟಿನ ಬಳಿ ದಿನವೂ ಅನ್ನಕ್ಕೆ ಕಾಯುವ ಬೀದಿನಾಯಿಯದು ಮೂರನೆಯ ಬಗೆ. ಸ್ಯೂ ಡೊನಾಲ್ಡ್‌ಸನ್ ಮತ್ತು ವಿಲ್ ಕಿಮ್ಲಿಕಾ 2011ರ ಝೂಪೊಲಿಸ್ ಗ್ರಂಥದಲ್ಲಿ ಸಾಕುಪ್ರಾಣಿಗಳನ್ನು ಮನುಷ್ಯ ಸಮಾಜದ ಪ್ರಜೆಗಳೆಂದೂ, ಸಾಕದೆಯೂ ಊರಿನೊಳಗೆ ಬಾಳುವ ಪ್ರಾಣಿಗಳನ್ನು ಅಲ್ಲಿ ನೆಲೆಸುವ ಹಕ್ಕುಳ್ಳ ನಿವಾಸಿಗಳೆಂದೂ ಬಗೆಯುತ್ತಾರೆ. ಬೀದಿನಾಯಿಯ ನೆಲೆ ಆ ಬೀದಿ. ಅದನ್ನು ಇನ್ನೊಂದು ಬೀದಿಗೆ ಒಯ್ದುಬಿಟ್ಟರೆ ಅಲ್ಲಿನ ನಾಯಿಗಳು ಕಚ್ಚಿ ಓಡಿಸುತ್ತವೆ. ಗೃಹಸ್ಥನ ಪಂಚಮಹಾಯಜ್ಞಗಳಲ್ಲಿ ಒಂದಾದ ಭೂತಯಜ್ಞ ಇಂಥ ಪ್ರಾಣಿಗಳಿಗಾಗಿಯೇ ಇದೆ. ಮನುಸ್ಮೃತಿಯ ಮೂರನೆಯ ಅಧ್ಯಾಯ ನಾಯಿ, ಕಾಗೆ, ಹುಳುಗಳಿಗೆ ಅನ್ನವನ್ನು ನೆಲದ ಮೇಲೆ ಮೆಲ್ಲಗೆ ಇಡಬೇಕೆನ್ನುತ್ತದೆ. ಅದೇ ಶ್ಲೋಕ ಪತಿತರು, ರೋಗಿಗಳು ಎಂದು ಮನುಷ್ಯರನ್ನೂ ಅದೇ ಸಾಲಿನಲ್ಲಿ ಕೂಡಿಸಿರುವುದು ಆ ಗ್ರಂಥದ ಕ್ರೌರ್ಯ. ಅದನ್ನು ತಳ್ಳಿಹಾಕಿಯೂ ಎಸೆಯದೆ ಮೆಲ್ಲಗೆ ಇಡುವ ವಿಧಿಯನ್ನು ಉಳಿಸಿಕೊಳ್ಳಬಹುದು. ಭೂತಯಜ್ಞ ಮನೆಗೆ ಅಂಟಿದ ಕರ್ತವ್ಯ. ಬಿಟ್ಟುಹೋಗುವವರು ಅದನ್ನು ಬೀದಿಯ ಇನ್ನೊಂದು ಮನೆಗೆ ವಹಿಸಿಕೊಡಬೇಕು, ನಾಯಿ ತಿನ್ನುವುದೇನು, ಬರುವ ಹೊತ್ತು ಯಾವುದು, ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಆಗಿದೆಯೇ ಎಂಬುದನ್ನೆಲ್ಲ ತಿಳಿಸಬೇಕು. ಸಾಧ್ಯವಾದರೆ ಕೊನೆಯ ಒಂದೆರಡು ವಾರ ಆ ಮನೆಯವರ ಕೈಯಿಂದಲೇ ಅನ್ನ ಹಾಕಿಸಬೇಕು.

ಇನ್ನು ಗೃಹಪ್ರವೇಶದ ದಿನದ ಮಾತು. ಹೋಮದ ಹೊಗೆ, ಜಾಗಟೆ, ನಾದಸ್ವರ, ಗುರುತಿಲ್ಲದ ನೂರಾರು ಜನ ಇವು ನಾಯಿ ಬೆಕ್ಕುಗಳಿಗೆ ಹಿಂಸೆಯೇ ಆದ್ದರಿಂದ ಆ ಹೊತ್ತಿನಲ್ಲಿ ಅವು ದೂರವಿರುವುದು ಒಳ್ಳೆಯದು. ಇದಕ್ಕೆ ಕಾರಣ ಮೈಲಿಗೆಯಾಗದೆ ಅವುಗಳ ಸುಖವಾದರೆ ಇಡುವ ರೀತಿಯೇ ಬದಲಾಗುತ್ತದೆ: ಕಟ್ಟಿಹಾಕಿ ಬರುವ ಬದಲು ಪರಿಚಿತರೊಬ್ಬರನ್ನು ಅವುಗಳ ಜೊತೆ ಬಿಟ್ಟುಬರುತ್ತಾರೆ. ನೆಂಟರು ಹೋಗಿ, ಹೊಗೆ ಆರಿ, ನೆಲ ಒರೆಸಿ ಆದ ಮೇಲೆ ಮನೆಯವರೇ ಅವನ್ನು ಒಳಗೆ ಕರೆತರಬಹುದು. ಹಸುವನ್ನು ತರಿಸುವವರು ಅದನ್ನು ನೆಲಮಟ್ಟದ ಬಾಗಿಲಲ್ಲೇ ಪೂಜಿಸಿ, ಗೋಣಿ ಹಾಸಿದ ನೆಲದ ಮೇಲೆ ನಿಲ್ಲಿಸಿ, ಕರುವನ್ನು ಕಣ್ಣೆದುರೇ ಇರಿಸಿ ಕಳಿಸಿದರೆ ಗೋಪೂಜೆಯ ಉದ್ದೇಶಕ್ಕೆ ಕೊರತೆ ಬರುವುದಿಲ್ಲ.

ಮನೆ ಸೇರಿದ ಮೇಲೂ ಕೆಲವು ಕೆಲಸ ಉಳಿದಿರುತ್ತವೆ. ಕೊರಳಪಟ್ಟಿಯ ಬಿಲ್ಲೆಯ ಮೇಲೆ ಹೊಸ ವಿಳಾಸ, ದೂರವಾಣಿ ಸಂಖ್ಯೆ ಬರಬೇಕು. ಮೈಕ್ರೋಚಿಪ್ ಇದ್ದರೆ ಅದರ ದಾಖಲೆ ತಿದ್ದಿಸಬೇಕು. ಹತ್ತಿರದ ಪಶುವೈದ್ಯರಿಗೆ ಹಳೆಯ ಲಸಿಕೆಯ ಚೀಟಿ ತೋರಿಸಿಡಬೇಕು. ನಾಯಿಗೆ ಪರವಾನಗಿ ಕೇಳುವ ನಗರಗಳಲ್ಲಿ ಅದನ್ನು ಮಾಡಿಸಬೇಕು. ಅದೇ ಊರಿನೊಳಗೆ ಮನೆ ಬದಲಾಯಿಸಿದ್ದರೆ, ತಪ್ಪಿಸಿಕೊಂಡ ಬೆಕ್ಕು ಹಳೆಯ ಮನೆಯನ್ನೇ ಹುಡುಕಿಕೊಂಡು ಹೋಗುವುದು ಸಾಮಾನ್ಯ. ಅಲ್ಲಿಗೆ ಬಂದ ಹೊಸ ಒಕ್ಕಲಿಗೆ ಬೆಕ್ಕಿನ ಫೋಟೊ, ಫೋನ್ ನಂಬರ್ ಕೊಟ್ಟು, ಕಂಡರೆ ಓಡಿಸದೆ ಒಂದಿಷ್ಟು ನೀರಿಟ್ಟು ತಿಳಿಸಿ ಎಂದು ಹೇಳಿ ಬರಬೇಕು.